ಶಾಲೆ ಮುಂದಿನ ಕಂಬಕ್ಕೆ ಕಟ್ಟಿದ ಪುಟ್ಟ ಕೊಳವೆ

ಪ್ರಶ್ನೆ: ನಾವು ಮೈಸೂರಿನವರು. ದಕ್ಷಿಣ ಇಂಗ್ಲೆಂಡಿನ ಒಂದು ಸಣ್ಣ ಊರಿಗೆ ಬಂದು ನಾಲ್ಕು ವರ್ಷ ಆಯಿತು. ಮಗಳಿಗೆ ಆರು ವರ್ಷ, ಉಬ್ಬಸ ಇದೆ, ಇನ್‌ಹೇಲರ್ ಬಳಸುತ್ತಾಳೆ. ಶಾಲೆ ಇರುವುದು ಮುಖ್ಯರಸ್ತೆಯ ಮೇಲೆ, ಬೆಳಿಗ್ಗೆ ಗಾಡಿಗಳ ಸಾಲು. ಗೇಟಿನ ಎದುರಿನ ದೀಪದ ಕಂಬಕ್ಕೆ ಬೆರಳುದ್ದದ ಪ್ಲಾಸ್ಟಿಕ್ ಕೊಳವೆಯೊಂದನ್ನು ಕಟ್ಟಿದ್ದಾರೆ. ಇಲ್ಲಿನ ಸ್ಥಳೀಯ ಆಡಳಿತವಾದ ಕೌನ್ಸಿಲ್‌ಗೆ ಬರೆದು ಕೇಳಿದರೆ 'ನಿಮ್ಮ ರಸ್ತೆಯ ಗಾಳಿ ನಿಗದಿತ ಮಟ್ಟದೊಳಗೇ ಇದೆ' ಅಂತ ಎರಡು ಸಾಲಿನ ಉತ್ತರ ಬಂತು. ಫೋನಿನ ಆ್ಯಪ್ ದಿನಕ್ಕೊಂದು ಬಣ್ಣ ತೋರಿಸುತ್ತದೆ. ಆ ಕೊಳವೆ ಏನು ಮಾಡುತ್ತದೆ? ಕೌನ್ಸಿಲ್‌ನವರು ನಿಜವಾಗಿ ಏನಾದರೂ ಮಾಡುತ್ತಾರಾ, ಇಲ್ಲ ಸುಮ್ನೆ ಅಳೆದು ಇಟ್ಟುಕೊಳ್ಳುತ್ತಾರಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಹೌದು, ಅಳೆಯುವುದು ಜಾಸ್ತಿ, ಮಾಡುವುದು ಕಡಿಮೆ. ಅದಕ್ಕೆ ಸೋಮಾರಿತನ ಕಾರಣ ಅಂದುಕೊಳ್ಳಬೇಡಿ. ಅಳೆಯುವ ಕೆಲಸ ಒಬ್ಬರಿಗೆ, ರಸ್ತೆ ಇನ್ನೊಬ್ಬರಿಗೆ, ದುಡ್ಡು ಮೂರನೆಯವರ ಕೈಯಲ್ಲಿ. ಕಾನೂನು ಕಟ್ಟಿರುವುದೇ ಹಾಗೆ. ಇಲ್ಲಿನ ಒಂದು ಡಿಸ್ಟ್ರಿಕ್ಟ್ ಕೌನ್ಸಿಲ್‌ನ ಪರಿಸರ ಆರೋಗ್ಯ ವಿಭಾಗದಲ್ಲಿ ಹನ್ನೊಂದು ವರ್ಷ ಇಂಥವೇ ಕೊಳವೆಗಳನ್ನು ಕಟ್ಟಿ, ಬಿಚ್ಚಿ, ಲೆಕ್ಕ ಬರೆದವನು ನಾನು. ನಿಮಗೆ ಬಂದಂಥ ಎರಡು ಸಾಲಿನ ಉತ್ತರಗಳನ್ನು ನಾನೂ ಕಳಿಸಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಮೊದಲು ಆ ಕೊಳವೆ. ಅದರ ಹೆಸರು ಡಿಫ್ಯೂಷನ್ ಟ್ಯೂಬ್. ಸುಮಾರು ಏಳು ಸೆಂಟಿಮೀಟರ್ ಉದ್ದ, ಕಿರುಬೆರಳಿನಷ್ಟು ದಪ್ಪ. ಮೇಲಿನ ತುದಿಗೆ ಮುಚ್ಚಳ ಇರುತ್ತದೆ, ಕೆಳಗಿನ ತುದಿ ತೆರೆದಿರುತ್ತದೆ. ಮುಚ್ಚಳದೊಳಗೆ ಸ್ಟೀಲ್ ತಂತಿಯ ಸಣ್ಣ ಜಾಲರಿಗಳಿವೆ, ಟೀ ಸೋಸುವ ಜರಡಿಯನ್ನು ಬಟಾಣಿ ಗಾತ್ರಕ್ಕೆ ಕತ್ತರಿಸಿದ ಹಾಗೆ. ಅವುಗಳಿಗೆ ಟ್ರೈಎಥನಾಲಮೀನ್ ಅನ್ನುವ ರಾಸಾಯನಿಕ ಸವರಿರುತ್ತಾರೆ. ಗಾಳಿಯಲ್ಲಿರುವ ನೈಟ್ರೋಜನ್ ಡೈಆಕ್ಸೈಡ್ (ಗಾಡಿ ಹೊಗೆಯಲ್ಲಿ ಬರುವ ಅನಿಲ) ಕೆಳಗಿನ ಬಾಯಿಯಿಂದ ತಾನಾಗಿ ಮೇಲೇರಿ ಆ ಜಾಲರಿಗೆ ಅಂಟಿಕೊಳ್ಳುತ್ತದೆ. ಬ್ಯಾಟರಿ ಇಲ್ಲ, ವೈರ್ ಇಲ್ಲ, ಕ್ಯಾಮೆರಾ ಅಂತೂ ಇಲ್ಲವೇ ಇಲ್ಲ. ಪಾಮ್ಸ್ ಎಂಬ ವಿಜ್ಞಾನಿ 1970ರ ದಶಕದಲ್ಲಿ ರೂಪಿಸಿದ ಉಪಾಯ ಇದು. ಅವರು ಯೋಚಿಸಿದ್ದು ಕಾರ್ಮಿಕರ ಅಂಗಿಗೆ ಸಿಕ್ಕಿಸುವುದಕ್ಕೆ, ಈಗ ಅದು ಕಂಬಗಳಿಗೆ ಬಂದಿದೆ.

ನಾಲ್ಕೈದು ವಾರ ಅದು ಅಲ್ಲೇ ನೇತಾಡುತ್ತದೆ. ಆಮೇಲೆ ಬಿಚ್ಚಿ, ಬಾಯಿಗೂ ಮುಚ್ಚಳ ಹಾಕಿ, ಲ್ಯಾಬಿಗೆ ಕಳಿಸುತ್ತೇವೆ. ಅಲ್ಲಿ ನೀರು ಹಾಕಿ, ಇನ್ನೊಂದೆರಡು ರಾಸಾಯನಿಕ ಬೆರೆಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಬೀಟ್‌ರೂಟ್ ತೊಳೆದ ನೀರಿನ ಹಾಗೆ. ಬಣ್ಣ ಗಾಢವಾದಷ್ಟೂ ಆ ಕಂಬದ ಹತ್ತಿರ ಗಾಡಿ ಹೊಗೆ ಜಾಸ್ತಿ ಇತ್ತು ಅಂತ. ಆ ಬಣ್ಣವನ್ನು ಯಂತ್ರ ಓದಿ ಒಂದು ಸಂಖ್ಯೆ ಕೊಡುತ್ತದೆ. ತಿಂಗಳಿಗೆ ಒಂದೇ ಸಂಖ್ಯೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದೇ ಬರುತ್ತದೆ.

ನಾನು ಕೆಲಸ ಮಾಡುತ್ತಿದ್ದ ಕಡೆ ಇಂಥ ಐವತ್ತೆರಡು ಕೊಳವೆ ಇದ್ದವು, ಎಲ್ಲವನ್ನೂ ಎರಡು ದಿನದಲ್ಲಿ ಬದಲಾಯಿಸಬೇಕು. ಜನವರಿ ಬೆಳಿಗ್ಗೆ ಏಳೂವರೆ, ಇನ್ನೂ ಪೂರ್ತಿ ಬೆಳಕಾಗಿಲ್ಲ, ಜಿಟಿಜಿಟಿ ಮಳೆ, ಒಂದು ಕೈಯಲ್ಲಿ ಏಣಿ, ಇನ್ನೊಂದರಲ್ಲಿ ಜಿಪ್ ಹಾಕಿದ ಚೀಲ. ಕೈಗವಸು ಹಾಕಿಕೊಂಡರೆ ಮುಚ್ಚಳ ಬಿಚ್ಚಲಾಗದು, ತೆಗೆದರೆ ಬೆರಳು ಮರಗಟ್ಟುತ್ತದೆ. ದಾರಿಹೋಕರು ನಿಂತು 'ಸ್ಪೀಡ್ ಕ್ಯಾಮೆರಾ ಹಾಕ್ತಿದ್ದೀರಾ' ಅಂತ ಕೇಳುತ್ತಾರೆ. ಎಷ್ಟು ಗಂಟೆಗೆ ಬಿಚ್ಚಿದೆ, ಎಷ್ಟು ಗಂಟೆಗೆ ಹೊಸದು ಕಟ್ಟಿದೆ ಅಂತ ನಿಮಿಷದ ಲೆಕ್ಕ ಬರೆಯಬೇಕು. ಕೆಲವೊಮ್ಮೆ ಕೊಳವೆಯೊಳಗೆ ಜೇಡ ಸಂಸಾರ ಹೂಡಿರುತ್ತದೆ, ಷರಾ ಕಾಲಮ್ಮಿನಲ್ಲಿ 'ಜೇಡ' ಅಂತ ಬರೆಯುತ್ತೇವೆ. ಕೆಲವೊಮ್ಮೆ ಕೊಳವೆಯೇ ಇರುವುದಿಲ್ಲ. ಶಾಲೆಗೆ ರಜೆ ಬಿದ್ದ ವಾರ ಹುಡುಗರು ಕಿತ್ತುಕೊಂಡು ಹೋಗುವುದು ಜಾಸ್ತಿ. ನಾಲ್ಕು ತಿಂಗಳ ಲೆಕ್ಕ ಹೀಗೆ ಕಳೆದುಹೋದರೆ ಆ ಜಾಗದ ವರ್ಷದ ಸರಾಸರಿಯನ್ನು ಬೇರೆ ಯಂತ್ರಗಳ ಅಂಕಿಯ ಜೊತೆ ಹೊಂದಿಸಿ ಅಂದಾಜು ಮಾಡಬೇಕಾಗುತ್ತದೆ.

ಈಗ ನಿಮಗೆ ಬಂದ ಉತ್ತರಕ್ಕೆ ಬರೋಣ. 'ನಿಗದಿತ ಮಟ್ಟದೊಳಗೇ ಇದೆ' ಅಂದರೆ ಏನು? ಇಂಗ್ಲೆಂಡಿನಲ್ಲಿ ನೈಟ್ರೋಜನ್ ಡೈಆಕ್ಸೈಡ್‌ಗೆ ವರ್ಷದ ಸರಾಸರಿ ಮಿತಿ ಒಂದು ಘನ ಮೀಟರ್ ಗಾಳಿಯಲ್ಲಿ 40 ಮೈಕ್ರೋಗ್ರಾಂ. (ಭಾರತದಲ್ಲೂ ವಾಸದ ಪ್ರದೇಶಗಳಿಗೆ ಇದೇ 40, 2009ರಿಂದ.) ನಿಮ್ಮ ಕಂಬದ ಹನ್ನೆರಡು ತಿಂಗಳ ಸಂಖ್ಯೆ ಕೂಡಿ ಭಾಗಿಸಿದರೆ 46 ಬಂತು ಅಂತಿಟ್ಟುಕೊಳ್ಳಿ, ಲೆಕ್ಕಕ್ಕೆ ಹೇಳುತ್ತಿದ್ದೇನೆ ಅಷ್ಟೇ. ಕೊಳವೆ ಅಗ್ಗದ ಸಾಧನ, ಸ್ವಲ್ಪ ಹೆಚ್ಚುಕಮ್ಮಿ ತೋರಿಸುತ್ತದೆ. ಅದಕ್ಕೇ ಕೆಲವು ಕಡೆ ಮೂರು ಕೊಳವೆಗಳನ್ನು ದೊಡ್ಡ ಯಂತ್ರದ ಪಕ್ಕದಲ್ಲೇ ನೇತುಹಾಕಿ, ಎರಡೂ ಎಷ್ಟು ತೋರಿಸುತ್ತವೆ ಅಂತ ಹೋಲಿಸಿ, ಒಂದು ಗುಣಕ ತೆಗೆಯುತ್ತಾರೆ. ಆ ವರ್ಷದ ಗುಣಕ 0.85 ಅಂದುಕೊಂಡರೆ ನಿಮ್ಮ 46 ಆಗುವುದು 39. ಆಯಿತು, 40ರ ಒಳಗೆ ಬಂತು.

ಅಲ್ಲಿಗೆ ಮುಗಿಯುವುದಿಲ್ಲ. ಕಂಬ ಇರುವುದು ರಸ್ತೆಯ ಅಂಚಿನಲ್ಲಿ, ಶಾಲೆಯ ಗೋಡೆ ಇರುವುದು ಹತ್ತು ಹನ್ನೆರಡು ಮೀಟರ್ ಹಿಂದೆ. ವರ್ಷದ ಮಿತಿ ಅನ್ವಯಿಸುವುದು ಜನ ದೀರ್ಘಕಾಲ ಇರುವ ಜಾಗಕ್ಕೆ, ಅಂದರೆ ಮನೆ, ಶಾಲೆ, ಆಸ್ಪತ್ರೆ, ವೃದ್ಧಾಶ್ರಮದ ಗೋಡೆಗೆ. ಫುಟ್‌ಪಾತಿಗೆ ಅಲ್ಲ. ಕಂಬದ ಅಂಕಿ 36 ದಾಟಿದ್ದರೆ ಗೋಡೆಯ ತನಕ ಎಷ್ಟು ಇಳಿಯುತ್ತದೆ ಅಂತ ಇನ್ನೊಂದು ಲೆಕ್ಕ ಮಾಡುತ್ತಾರೆ. 39 ಹೋಗಿ 29 ಆಗಬಹುದು. ವರದಿಯ ಕೊನೆಯ ಕಾಲಮ್ಮಿನಲ್ಲಿ ಕಾಣುವುದು ಆ 29. ಈ ಲೆಕ್ಕದಲ್ಲಿ ಮೋಸ ಏನೂ ಇಲ್ಲ, ಗಾಡಿ ಹೊಗೆ ರಸ್ತೆಯಿಂದ ದೂರ ಹೋದ ಹಾಗೆ ನಿಜವಾಗಿಯೂ ಬೇಗ ತೆಳುವಾಗುತ್ತದೆ. ಆದರೆ ನಿಮ್ಮ ಮಗಳು ಗೇಟು ತೆರೆಯುವ ತನಕ ಹದಿನೈದು ನಿಮಿಷ ನಿಲ್ಲುವುದು ಕಂಬದ ಬುಡದಲ್ಲಿ, ಗೋಡೆಯ ಹತ್ತಿರ ಅಲ್ಲ, ಅಲ್ವಾ?

ಇನ್ನೊಂದು ಮಾತು. ವರ್ಷದ ಸರಾಸರಿ ಅಂದಮೇಲೆ ಅದರಲ್ಲಿ ರಾತ್ರಿ ಮೂರು ಗಂಟೆಯೂ ಇದೆ, ಭಾನುವಾರವೂ ಇದೆ, ಶಾಲೆಯೇ ಇಲ್ಲದ ಆಗಸ್ಟ್ ತಿಂಗಳೂ ಇದೆ. ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತರ ತನಕ ನೀವು ಉಸಿರಾಡುವ ಗಾಳಿ ಇದೆಲ್ಲದರ ಜೊತೆ ಕಲಸಿಹೋಗಿದೆ. ಗಂಟೆ ಲೆಕ್ಕಕ್ಕೆ ಬೇರೆ ಮಿತಿ ಇದೆ: ಯಾವುದೇ ಗಂಟೆಯ ಸರಾಸರಿ 200 ದಾಟಬಾರದು, ದಾಟಿದರೂ ವರ್ಷಕ್ಕೆ 18 ಸಲಕ್ಕಿಂತ ಜಾಸ್ತಿ ಆಗಬಾರದು. ಲಂಡನ್ನಿನ ಬ್ರಿಕ್ಸ್‌ಟನ್ ರಸ್ತೆ 2017ರಲ್ಲಿ ಆ ಇಡೀ ವರ್ಷದ ಕೋಟಾವನ್ನು ಜನವರಿ ಮೊದಲ ಐದು ದಿನದಲ್ಲೇ ಮುಗಿಸಿತ್ತು. ಆದರೆ ತಿಂಗಳಿಗೊಂದು ಸಂಖ್ಯೆ ಕೊಡುವ ಕೊಳವೆಗೆ ಗಂಟೆ ಗೊತ್ತಾಗುವುದಿಲ್ಲ. ವರ್ಷದ ಸರಾಸರಿ 60 ದಾಟಿದ್ದರೆ ಗಂಟೆಯ ಮಿತಿಯೂ ಮುರಿದಿರಬಹುದು ಅಂತ ಊಹಿಸುವುದು ನಮ್ಮ ವಾಡಿಕೆ. ನಿಮ್ಮ ಊರಿನಂಥ ಕಡೆ 60 ಬರುವುದಿಲ್ಲ, ಅಷ್ಟು ಸಮಾಧಾನ ಇರಲಿ.

ಅಂದಹಾಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಟ್ಟ 40 ಅಲ್ಲ, 10. ಹಾಗಾಗಿ 'ಮಟ್ಟದೊಳಗಿದೆ' ಅಂತ ಯಾರಾದರೂ ಅಂದರೆ ಯಾರು ಹಾಕಿದ ಮಟ್ಟ ಅಂತ ಕೇಳಬೇಕು.

ಆ ಕೊಳವೆಗೆ ಧೂಳೂ ಕಾಣುವುದಿಲ್ಲ. ಉಬ್ಬಸ ಇರುವವರಿಗೆ ಗಾಡಿಯ ಅನಿಲದ ಜೊತೆ ಪಿಎಂ 2.5 ಅನ್ನುವ ಅತಿ ಸಣ್ಣ ಕಣಗಳೂ ತೊಂದರೆಯೇ. ಅದನ್ನು ಸರಿಯಾಗಿ ಅಳೆಯಲು ರಸ್ತೆ ಪಕ್ಕ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕು, ಒಳಗೆ ಏಸಿ ಬೇಕು, ಕರೆಂಟ್ ಬೇಕು, ಎರಡು ಮೂರು ವಾರಕ್ಕೊಮ್ಮೆ ಹೋಗಿ ನೋಡುವವರು ಬೇಕು. ಒಂದು ಪೆಟ್ಟಿಗೆಗೆ ಹತ್ತಾರು ಸಾವಿರ ಪೌಂಡ್. ಕೊಳವೆಗಾದರೆ ಲ್ಯಾಬ್ ಖರ್ಚು ಸೇರಿ ಕೆಲವೇ ಪೌಂಡ್. ಹೀಗಾಗಿ ಎಷ್ಟೋ ಸಣ್ಣ ಕೌನ್ಸಿಲ್‌ಗಳ ಹತ್ತಿರ ಇಂಥ ಪೆಟ್ಟಿಗೆ ಒಂದೇ ಇರುತ್ತದೆ, ಇಲ್ಲವೇ ಒಂದೂ ಇರುವುದಿಲ್ಲ. ಕೇಂದ್ರ ಸರ್ಕಾರದ ಜಾಲ ಬೇರೆ ಇದೆ, ಅದರ ಯಂತ್ರ ನಿಮ್ಮ ಊರಿನಿಂದ ಮೂವತ್ತು ಮೈಲಿ ದೂರ ಇದ್ದರೂ ಆಶ್ಚರ್ಯ ಇಲ್ಲ.

ನಿಮ್ಮ ಫೋನಿನ ಆ್ಯಪ್ ಕೂಡ ಇಲ್ಲೇ ಎಡವುವುದು. ಹತ್ತಿರ ಯಂತ್ರ ಇಲ್ಲದಿದ್ದರೆ ಅದು ಹವಾಮಾನ, ಉಪಗ್ರಹ, ದೂರದ ಯಂತ್ರ ಎಲ್ಲ ಸೇರಿಸಿ ಅಂದಾಜು ಹಾಕುತ್ತದೆ. ಅದರ ಮೇಲೆ ಒಂದೊಂದು ದೇಶದ ಅಳತೆಗೋಲು ಒಂದೊಂದು. ಬ್ರಿಟನ್ನಿನ ಸೂಚ್ಯಂಕ 1ರಿಂದ 10, ಭಾರತದ್ದು 0ಯಿಂದ 500. ಒಂದು ಆ್ಯಪಿನ 42ನ್ನು ಮೈಸೂರಿನಲ್ಲಿರುವ ನಿಮ್ಮ ಅಕ್ಕನ ಫೋನಿನ 42ರ ಜೊತೆ ಹೋಲಿಸಿದರೆ ಅರ್ಥ ಬರುವುದಿಲ್ಲ. ಇವತ್ತು ಹೊರಗೆ ಆಡಲು ಬಿಡಬಹುದಾ ಅನ್ನುವುದಕ್ಕೆ ಸರ್ಕಾರದ 1ರಿಂದ 10ರ ಸೂಚ್ಯಂಕ ನೋಡಿ, ಅದರಲ್ಲಿ ಉಬ್ಬಸ ಇರುವವರಿಗೆ ಬೇರೆ ಸಲಹೆಯೇ ಇದೆ. ನಿಮ್ಮ ಗೇಟಿನ ಮುಂದಿನ ಗಾಳಿ ಹೇಗಿದೆ ಅನ್ನುವುದಕ್ಕೆ ಕೊಳವೆಯ ಲೆಕ್ಕ ನೋಡಿ. ಎರಡೂ ಬೇರೆ ಬೇರೆ ಪ್ರಶ್ನೆ.

ಅಗ್ಗದ ಲೇಸರ್ ಚಿಪ್ ಇರುವ ಸೆನ್ಸರ್‌ಗಳೂ ಬಂದಿವೆ, ಶಾಲೆಯವರು ತಂದು ಹಾಕಿರುತ್ತಾರೆ. ತೆಗಳುವುದಿಲ್ಲ, ಯಾವ ಹೊತ್ತಿಗೆ ಏರುತ್ತದೆ, ಯಾವಾಗ ಇಳಿಯುತ್ತದೆ ಅಂತ ತಿಳಿಯಲು ಚೆನ್ನಾಗಿವೆ. ಮಂಜು ಕವಿದ ಬೆಳಿಗ್ಗೆ ಮಾತ್ರ ಅವು ನೀರಿನ ಹನಿಯನ್ನೂ ಧೂಳು ಅಂತ ಎಣಿಸುತ್ತವೆ. ಇಂಗ್ಲೆಂಡಿನಲ್ಲಿ ಮಂಜಿಗೆ ಬರವೇ?

ಇನ್ನು ಕಾನೂನು. ಇದು ಒಣ ವಿಷಯ, ಆದರೂ ನಿಮ್ಮ ಪ್ರಶ್ನೆಯ ಬೇರು ಇರುವುದು ಇಲ್ಲೇ. 1952ರ ಡಿಸೆಂಬರ್‌ನಲ್ಲಿ ಲಂಡನ್ನಿನ ಮೇಲೆ ಐದು ದಿನ ಕಲ್ಲಿದ್ದಲ ಹೊಗೆ ಕವಿದು ಸಾವಿರಾರು ಜನ ಸತ್ತರು, ಆಗ ಹೇಳಿದ್ದು ನಾಲ್ಕು ಸಾವಿರ, ಆಮೇಲಿನ ಅಂದಾಜು ಹನ್ನೆರಡು ಸಾವಿರದ ತನಕ ಹೋಯಿತು. ಅದರಿಂದ 1956ರ ಶುದ್ಧ ಗಾಳಿ ಕಾಯ್ದೆ ಬಂತು, ಹೊಗೆ ನಿಯಂತ್ರಣ ಪ್ರದೇಶ ಘೋಷಿಸುವ ಅಧಿಕಾರ ಕೌನ್ಸಿಲ್‌ಗಳಿಗೆ ಸಿಕ್ಕಿತು. ಹೊಗೆ ಕಣ್ಣಿಗೆ ಕಾಣುತ್ತಿತ್ತು, ಚಿಮಣಿ ಯಾರದ್ದು ಅಂತ ಗೊತ್ತಿತ್ತು, ಕೆಲಸ ನಡೆಯಿತು. 1995ರ ಪರಿಸರ ಕಾಯ್ದೆ ಬಂದಾಗ ಸಮಸ್ಯೆ ಗಾಡಿಗಳದ್ದಾಗಿತ್ತು. ಆ ಕಾಯ್ದೆಯ ಪ್ರಕಾರ ಪ್ರತಿ ಕೌನ್ಸಿಲ್ ತನ್ನ ಗಾಳಿಯನ್ನು ಅಳೆದು ಪರಿಶೀಲಿಸಬೇಕು, ಮಿತಿ ಮೀರಿದ ಜಾಗವನ್ನು 'ಗಾಳಿ ಗುಣಮಟ್ಟ ನಿರ್ವಹಣಾ ವಲಯ' ಅಂತ ಘೋಷಿಸಬೇಕು, ಆಮೇಲೆ ಅದಕ್ಕೊಂದು ಕ್ರಿಯಾ ಯೋಜನೆ ಬರೆಯಬೇಕು, ವರ್ಷಾ ವರ್ಷ ಜೂನ್ ಕೊನೆಯೊಳಗೆ ಕೇಂದ್ರಕ್ಕೆ ವರದಿ ಕಳಿಸಬೇಕು.

ಆ ಕಾಯ್ದೆಯಲ್ಲಿ, 2021ರ ಪರಿಸರ ಕಾಯ್ದೆ ಅದನ್ನು ತಿದ್ದುವ ತನಕ, ಒಂದು ಜಾಣ ಮಾತಿತ್ತು. ಮಿತಿಯನ್ನು ಸಾಧಿಸುವ 'ದಿಕ್ಕಿನಲ್ಲಿ' ಕೌನ್ಸಿಲ್ ತನ್ನ ಅಧಿಕಾರ ಬಳಸಬೇಕು ಅಂತಿತ್ತು, ಸಾಧಿಸಲೇಬೇಕು ಅಂತಿರಲಿಲ್ಲ. ಪ್ರಯತ್ನ ಮಾಡಿದೆ ಅಂತ ಬರೆದರೆ ಕಾನೂನಿನ ಲೆಕ್ಕದಲ್ಲಿ ಮುಗಿಯುತ್ತಿತ್ತು. ಎಷ್ಟೋ ಊರುಗಳ ವಲಯಗಳು ಹತ್ತು ಹದಿನೈದು ವರ್ಷ ಹಾಗೇ ಮುಂದುವರಿದದ್ದಕ್ಕೆ ಇದೇ ಕಾರಣ ಅಂತ ನನ್ನ ಅಭಿಪ್ರಾಯ. ಸಾಧಿಸಲೇಬೇಕು ಅನ್ನುವ ಹೊಣೆ ಇದ್ದದ್ದು ಕೇಂದ್ರ ಸರ್ಕಾರದ ಮೇಲೆ. ಕ್ಲೈಂಟ್‌ಅರ್ತ್ ಎಂಬ ವಕೀಲರ ಸಂಸ್ಥೆ ಅದನ್ನೇ ಹಿಡಿದು ಕೋರ್ಟಿಗೆ ಹೋಗಿ 2015ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತು. ಸರ್ಕಾರ ಆಗ ಅವಸರವಸರವಾಗಿ ದೊಡ್ಡ ಊರುಗಳ ಕೌನ್ಸಿಲ್‌ಗಳಿಗೆ 'ಏನಾದರೂ ಮಾಡಿ' ಅಂತ ಆದೇಶ ಕೊಟ್ಟಿತು, ಜೊತೆಗೆ ದುಡ್ಡನ್ನೂ ಕೊಟ್ಟಿತು. ಬಾತ್‌ನಲ್ಲಿ 2021ರ ಮಾರ್ಚ್, ಬರ್ಮಿಂಗ್‌ಹ್ಯಾಮ್‌ನಲ್ಲಿ ಅದೇ ವರ್ಷದ ಜೂನ್, ಬ್ರಿಸ್ಟಲ್‌ನಲ್ಲಿ 2022ರ ನವೆಂಬರ್, ಹೀಗೆ ಶುದ್ಧ ಗಾಳಿ ವಲಯಗಳು ಶುರುವಾದವು. ಹಳೆಯ ಗಾಡಿ ಒಳಗೆ ಬಂದರೆ ಶುಲ್ಕ. ಬರ್ಮಿಂಗ್‌ಹ್ಯಾಮ್‌ನಲ್ಲಿ ಕಾರಿಗೆ ದಿನಕ್ಕೆ 8 ಪೌಂಡ್, ಬಾತ್‌ನಲ್ಲಿ ಸ್ವಂತ ಕಾರಿಗೆ ಏನೂ ಇಲ್ಲ, ವ್ಯಾನು, ಟ್ಯಾಕ್ಸಿ, ಲಾರಿ, ಬಸ್ಸಿಗೆ ಮಾತ್ರ. ಲಂಡನ್ನಿನದು ಬೇರೆಯೇ ಕತೆ, 2019ರಲ್ಲಿ ನಡುವಿನ ಊರಿಗೆ ಬಂದದ್ದು 2023ರ ಆಗಸ್ಟ್‌ನಲ್ಲಿ ಇಡೀ ಊರಿಗೆ ಹಬ್ಬಿತು, ಎಷ್ಟು ಗಲಾಟೆ ಆಯಿತು ಅಂತ ನೀವೇ ನೋಡಿದ್ದೀರಿ.

ನಿಮ್ಮ ಊರಿಗೆ ಇದು ಬರುವುದಿಲ್ಲ. ಸಣ್ಣ ಊರು, ಮಿತಿಯೊಳಗಿನ ಅಂಕಿ, ಕೇಂದ್ರದ ಆದೇಶವೂ ಇಲ್ಲ, ದುಡ್ಡೂ ಇಲ್ಲ. ಅದರ ಮೇಲೆ ನಿಮ್ಮದು ಎರಡು ಹಂತದ ಆಡಳಿತ ಇರುವ ಕೌಂಟಿಯಾಗಿದ್ದರೆ ನಾನು ಮೊದಲೇ ಹೇಳಿದ ತೊಡಕು ಎದುರಾಗುತ್ತದೆ. ಗಾಳಿ ಅಳೆಯುವುದು ಕೆಳಹಂತದ ಡಿಸ್ಟ್ರಿಕ್ಟ್ ಅಥವಾ ಬರೋ ಕೌನ್ಸಿಲ್. ರಸ್ತೆ, ಸಿಗ್ನಲ್, ಬಸ್ಸು ನಿಲ್ಲುವ ಜಾಗ ಇವೆಲ್ಲ ಮೇಲಿನ ಹಂತದ ಕೌಂಟಿ ಕೌನ್ಸಿಲ್‌ನದು. ಹೆದ್ದಾರಿ ಹತ್ತಿರ ಇದ್ದರೆ ಅದು ಇನ್ನೂ ಬೇರೆ ಸಂಸ್ಥೆಯದು. ನಾವು ಕೊಳವೆ ಅಳೆದು 'ಈ ಸಿಗ್ನಲ್‌ನಲ್ಲಿ ಗಾಡಿ ನಿಲ್ಲುವುದರಿಂದಲೇ ಹೊಗೆ' ಅಂತ ಬರೆದರೆ, ಕೌಂಟಿಯ ಎಂಜಿನಿಯರ್ 'ಸಿಗ್ನಲ್ ಬದಲಾಯಿಸಿದರೆ ಮುಂದಿನ ಜಂಕ್ಷನ್‌ನಲ್ಲಿ ಜಾಮ್ ಆಗುತ್ತದೆ' ಅನ್ನುತ್ತಿದ್ದರು. ಇಬ್ಬರದೂ ಸರಿಯೇ. ಇಂಥ ಮೀಟಿಂಗ್‌ಗಳಲ್ಲಿ ಎಷ್ಟು ಟೀ ಕುಡಿದಿದ್ದೇನೋ ಲೆಕ್ಕ ಇಟ್ಟಿಲ್ಲ. 2021ರ ಪರಿಸರ ಕಾಯ್ದೆ ಬಂದಮೇಲೆ, ನೆರವು ಕೇಳಿದಾಗ ತಾವು ಏನು ಮಾಡುತ್ತೇವೆ, ಯಾವಾಗ ಮಾಡುತ್ತೇವೆ ಅಂತ ಕೌಂಟಿಯವರೂ ಬರೆದು ಕೊಡಬೇಕು. ಸ್ವಲ್ಪ ಬಿಸಿ ಮುಟ್ಟಿದೆ.

ಊರಿನ ಕಡೆಯದೂ ಇದೇ ಪಾಡು, ಪಾತ್ರಗಳು ಮಾತ್ರ ಬೇರೆ. ಬೆಂಗಳೂರಿನಲ್ಲಿ ಪಾಲಿಕೆ ಗಾಳಿ ಅಳೆಯುವುದಿಲ್ಲ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಅಳೆಯುತ್ತದೆ. ಸಿಲ್ಕ್ ಬೋರ್ಡ್, ಹೆಬ್ಬಾಳದಲ್ಲಿರುವ ಯಂತ್ರಗಳು ಅದರವು. ಟ್ರಾಫಿಕ್ ನೋಡಿಕೊಳ್ಳುವುದು ಪೊಲೀಸರು, ಬಸ್ಸುಗಳು ಸಾರಿಗೆ ನಿಗಮದವು, ರಸ್ತೆ ಪಾಲಿಕೆಯದು. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಸೇರಿವೆ. ದೇಶದಾದ್ಯಂತ ಆ ದುಡ್ಡಿನ ದೊಡ್ಡ ಪಾಲು ಹೋದದ್ದು ರಸ್ತೆ ಧೂಳಿಗೆ, ಗುಡಿಸುವ ಯಂತ್ರಕ್ಕೆ, ನೀರು ಚಿಮುಕಿಸುವುದಕ್ಕೆ. ಗುಡಿಸುವ ಯಂತ್ರ ಕೊಳ್ಳಲು ಪಾಲಿಕೆಗೆ ಯಾರನ್ನೂ ಕೇಳಬೇಕಿಲ್ಲ ನೋಡಿ. ಕೈಯಲ್ಲಿರುವ ಅಧಿಕಾರಕ್ಕೆ ತಕ್ಕ ಕೆಲಸ ನಡೆಯುತ್ತದೆ, ಇಲ್ಲೂ ಅಷ್ಟೇ, ಅಲ್ಲೂ ಅಷ್ಟೇ.

ಹಾಗಾದರೆ ನಿಮ್ಮ ಕೌನ್ಸಿಲ್ ತನ್ನ ಕೈಯಲ್ಲೇ ಏನು ಇಟ್ಟುಕೊಂಡಿದೆ? ಕೆಲವು ಇವೆ. ಪೆಟ್ರೋಲ್ ಬಂಕ್, ಚಿತಾಗಾರ, ಕಾಂಕ್ರೀಟ್ ಘಟಕ ಇಂಥವಕ್ಕೆ ಪರವಾನಗಿ ಕೊಟ್ಟು ತಪಾಸಣೆ ಮಾಡುವುದು ಅವರೇ. ಕಟ್ಟಡ ಕೆಲಸದ ಧೂಳು, ಹಿತ್ತಲಲ್ಲಿ ಕಸ ಸುಡುವ ಹೊಗೆ ಇದಕ್ಕೆಲ್ಲ ನೋಟಿಸ್ ಕೊಡಬಹುದು. ಶಾಲೆ ಮುಂದೆ ಎಂಜಿನ್ ಆಫ್ ಮಾಡದೆ ನಿಲ್ಲಿಸಿಕೊಂಡರೆ 20 ಪೌಂಡ್ ದಂಡ ಹಾಕುವ ಅಧಿಕಾರ ಇದೆ, ಅದನ್ನು ಬಳಸಲು ಕೌನ್ಸಿಲ್ ಮೊದಲೇ ಒಪ್ಪಿಕೊಂಡಿರಬೇಕು. ಆದರೆ ಅಧಿಕಾರಿ ಮೊದಲು ಹೋಗಿ 'ಎಂಜಿನ್ ಆಫ್ ಮಾಡಿ' ಅನ್ನಬೇಕು, ಚಾಲಕ ಒಪ್ಪದಿದ್ದರೆ ಮಾತ್ರ ದಂಡ. ಯಾರು ಒಪ್ಪುವುದಿಲ್ಲ ಹೇಳಿ? ಕೀ ತಿರುಗಿಸುತ್ತಾರೆ, ಅಧಿಕಾರಿ ಮೂಲೆ ತಿರುಗಿದ ಮೇಲೆ ಮತ್ತೆ ಹೀಟರ್‌ಗೋಸ್ಕರ ಶುರು ಮಾಡುತ್ತಾರೆ. ನಾನು ಒಂದು ಚಳಿಗಾಲ ಆರು ಶಾಲೆಗಳ ಮುಂದೆ ಹಳದಿ ಜಾಕೆಟ್ ಹಾಕಿಕೊಂಡು ನಿಂತಿದ್ದೆ. ಒಂದೂ ದಂಡ ಹಾಕಲಿಲ್ಲ. ಜಾಕೆಟ್ ನೋಡಿದ ಅರ್ಧ ಗಂಟೆ ಮಾತ್ರ ಗಾಳಿ ಚೆನ್ನಾಗಿತ್ತು.

ಜನ ಲಕ್ಷ್ಯ ಕೊಡದ ಇನ್ನೊಂದು ಸಂಗತಿ ಸೌದೆ ಒಲೆ. ಇಲ್ಲಿನ ಮನೆಗಳಲ್ಲಿ ಈಗ ಅದು ಫ್ಯಾಷನ್, ಹಾಲ್‌ನಲ್ಲಿ ಗಾಜಿನ ಬಾಗಿಲಿನ ಒಲೆ ಇಟ್ಟು ಸಂಜೆ ಹೊತ್ತಿಸುತ್ತಾರೆ. ಈ ದೇಶದ ಪಿಎಂ 2.5ರಲ್ಲಿ ಮನೆಗಳ ಒಲೆಯ ಪಾಲು ಸಣ್ಣದೇನಲ್ಲ. ನಿಮ್ಮ ಊರು ಹೊಗೆ ನಿಯಂತ್ರಣ ಪ್ರದೇಶದಲ್ಲಿದ್ದರೆ ಚಿಮಣಿಯಿಂದ ಹೊಗೆ ಎದ್ದರೆ 175ರಿಂದ 300 ಪೌಂಡ್ ತನಕ ದಂಡ ಹಾಕಬಹುದು. 2021ರಿಂದ ಅಂಗಡಿಯಲ್ಲಿ ಸಣ್ಣ ಮೂಟೆಗಳಲ್ಲಿ ಹಸಿ ಸೌದೆ ಮಾರುವಂತಿಲ್ಲ, ತೇವಾಂಶ 20 ಪರ್ಸೆಂಟ್ ಒಳಗಿರಬೇಕು. ಊರಲ್ಲಿ ನಮ್ಮಜ್ಜಿಗೂ ಗೊತ್ತಿತ್ತು, ಹಸಿ ಸೌದೆ ಹಾಕಿದರೆ ಕಣ್ಣಲ್ಲಿ ನೀರು. ಮಗಳಿಗೆ ಕೆಮ್ಮು ಬೆಳಗಿನ ಬದಲು ಚಳಿಗಾಲದ ಸಂಜೆ ಜಾಸ್ತಿ ಆಗುತ್ತಿದ್ದರೆ ರಸ್ತೆಗಿಂತ ಮೊದಲು ಅಕ್ಕಪಕ್ಕದ ಚಿಮಣಿ ನೋಡಿ.

ಉಬ್ಬಸದ ವಿಷಯ ಬಂದದ್ದಕ್ಕೆ ಒಂದು ಮಾತು, ಹೆದರಿಸಲು ಅಲ್ಲ. ಲಂಡನ್ನಿನ ಲೂಯಿಶಮ್‌ನಲ್ಲಿ ದೊಡ್ಡ ರಸ್ತೆಯ ಹತ್ತಿರ ಬೆಳೆದ ಎಲಾ ಅಡೂ-ಕಿಸ್ಸಿ-ಡೆಬ್ರಾ ಎಂಬ ಒಂಬತ್ತು ವರ್ಷದ ಹುಡುಗಿ 2013ರಲ್ಲಿ ತೀವ್ರ ಉಬ್ಬಸದಿಂದ ತೀರಿಕೊಂಡಳು. ಅವಳ ತಾಯಿ ವರ್ಷಗಟ್ಟಲೆ ಹೋರಾಡಿ ಎರಡನೇ ವಿಚಾರಣೆ ನಡೆಯುವ ಹಾಗೆ ಮಾಡಿದರು. 2020ರ ಡಿಸೆಂಬರ್‌ನಲ್ಲಿ ವಾಯುಮಾಲಿನ್ಯವೂ ಸಾವಿಗೆ ಕಾರಣ ಅಂತ ತೀರ್ಪು ಬಂತು, ಈ ದೇಶದಲ್ಲಿ ಹಾಗೆ ದಾಖಲಾದದ್ದು ಅದೇ ಮೊದಲು. ಗಾಳಿ ಎಷ್ಟು ಕೆಟ್ಟಿದೆ ಅನ್ನುವ ಮಾಹಿತಿ ತಾಯಿಗೆ ಸಿಕ್ಕಿರಲಿಲ್ಲ ಅನ್ನುವುದನ್ನೂ ಅಲ್ಲಿ ಎತ್ತಿ ಹೇಳಿದರು. ಅದಾದ ಮೇಲೆ ನಮ್ಮ ಆಫೀಸಿನಲ್ಲಿ ಎರಡು ಸಾಲಿನ ಉತ್ತರ ಕಳಿಸಲು ಕೈ ಸ್ವಲ್ಪ ಹಿಂಜರಿಯತೊಡಗಿತು.

ಈಗ ನೀವು ಮಾಡಬಹುದಾದದ್ದು. ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ಗಾಳಿ ಗುಣಮಟ್ಟದ ವಾರ್ಷಿಕ ವರದಿ ಇರುತ್ತದೆ. ಮುಂದಿನ ಪುಟಗಳ ಸವಿಮಾತು ಬಿಡಿ, ನೇರ ಹಿಂದಿನ ಅನುಬಂಧಕ್ಕೆ ಹೋಗಿ. ಒಂದೊಂದು ಕೊಳವೆಗೂ ಒಂದು ಸಾಲು ಇರುತ್ತದೆ: ಕಂಬ ಎಲ್ಲಿ, ರಸ್ತೆಯಿಂದ ಎಷ್ಟು ಮೀಟರ್, ಹತ್ತಿರದ ಮನೆ ಅಥವಾ ಶಾಲೆಗೆ ಎಷ್ಟು, ಎಷ್ಟು ತಿಂಗಳ ಲೆಕ್ಕ ಸಿಕ್ಕಿದೆ, ಐದು ವರ್ಷದ ಅಂಕಿ. ತಿಂಗಳ ಅಂಕಿಗಳೂ ಇರುತ್ತವೆ, ವರ್ಷದ ಸರಾಸರಿ ತಿದ್ದುವ ಮೊದಲಿನದ್ದೂ ಆಮೇಲಿನದ್ದೂ. ಚಳಿಗಾಲದ ತಿಂಗಳುಗಳಲ್ಲಿ ಹೆಚ್ಚು, ಬೇಸಿಗೆಯಲ್ಲಿ ಕಡಿಮೆ ಇರುವುದು ಸಹಜ. ಐದು ವರ್ಷ ಇಳಿಯುತ್ತಾ ಬಂದಿದ್ದರೆ ಒಳ್ಳೆಯದು, ಬಹುತೇಕ ಕಡೆ ಇಳಿದಿದೆ, ಮುಖ್ಯ ಕಾರಣ ಹೊಸ ಗಾಡಿಗಳ ಎಂಜಿನ್. ಸತತ ಮೂರು ವರ್ಷ 36ರ ಕೆಳಗೆ ಇದ್ದರೆ ನಿರ್ವಹಣಾ ವಲಯವನ್ನೇ ತೆಗೆದುಹಾಕಬಹುದು, ಎಷ್ಟೋ ಕೌನ್ಸಿಲ್‌ಗಳು ಈಚೆಗೆ ತೆಗೆದಿವೆ. ವಲಯ ಹೋದರೆ ಅದರ ಹೆಸರಿನಲ್ಲಿ ಸಿಗುತ್ತಿದ್ದ ಗಮನವೂ ಹೋಗುತ್ತದೆ, ಅದು ಗೊತ್ತಿರಲಿ.

ವರದಿಯಲ್ಲಿ ಸಿಗದ್ದನ್ನು ಬರೆದು ಕೇಳಿ. ಪರಿಸರ ಮಾಹಿತಿ ನಿಯಮದ ಪ್ರಕಾರ 20 ಕೆಲಸದ ದಿನಗಳೊಳಗೆ ಉತ್ತರಿಸಬೇಕು. 'ಗಾಳಿ ಹೇಗಿದೆ' ಅಂತ ಕೇಳಿದರೆ ಮತ್ತೆ ಎರಡು ಸಾಲೇ ಬರುತ್ತದೆ. ಹೀಗೆ ಕೇಳಿ: ಇಂಥ ಕಂಬದ ಕೊಳವೆಯ ತಿಂಗಳವಾರು ಅಂಕಿ ಕೊಡಿ, ದೂರದ ತಿದ್ದುಪಡಿ ಮಾಡಿದ್ದೀರಾ, ಮಾಡಿದ್ದರೆ ಯಾವ ಗೋಡೆಗೆ, ಪಿಎಂ 2.5 ಅಳೆಯುವ ಹತ್ತಿರದ ಯಂತ್ರ ಎಲ್ಲಿದೆ. ಇಷ್ಟು ನಿರ್ದಿಷ್ಟವಾಗಿ ಕೇಳಿದವರ ಇಮೇಲ್ ನಮ್ಮಲ್ಲಿ ಬೇರೆ ಫೋಲ್ಡರ್‌ಗೆ ಹೋಗುತ್ತಿತ್ತು, ಒಳ್ಳೆಯ ಅರ್ಥದಲ್ಲಿ.

ಇನ್ನೊಂದು ಕೊಳವೆ ಬೇಕು ಅನಿಸಿದರೆ, ಉದಾಹರಣೆಗೆ ಆಟದ ಮೈದಾನದ ಬೇಲಿಗೆ, ಅಕ್ಟೋಬರ್ ನವೆಂಬರ್‌ನಲ್ಲಿ ಕೇಳಿ. ಕೊಳವೆಗಳ ವರ್ಷ ಜನವರಿಯಲ್ಲಿ ಶುರುವಾಗುತ್ತದೆ, ಎಲ್ಲಿ ತೆಗೆಯಬೇಕು ಎಲ್ಲಿ ಹಾಕಬೇಕು ಅಂತ ತೀರ್ಮಾನ ಆಗುವುದು ಅದಕ್ಕೆ ಮೊದಲು. ಮಾರ್ಚ್‌ನಲ್ಲಿ ಕೇಳಿದರೆ 'ಮುಂದಿನ ವರ್ಷ ನೋಡೋಣ' ಅನ್ನುತ್ತಾರೆ, ಮುಂದಿನ ವರ್ಷಕ್ಕೆ ಆ ಅಧಿಕಾರಿ ಬೇರೆ ಕೆಲಸಕ್ಕೆ ಹೋಗಿರುತ್ತಾರೆ.

ಶಾಲೆ ಬಿಡುವ ಮತ್ತು ಸೇರುವ ಹೊತ್ತಿನಲ್ಲಿ ರಸ್ತೆಯನ್ನೇ ಗಾಡಿಗಳಿಗೆ ಮುಚ್ಚುವ 'ಸ್ಕೂಲ್ ಸ್ಟ್ರೀಟ್' ವ್ಯವಸ್ಥೆ ಮುಖ್ಯರಸ್ತೆಗೆ ಆಗುವುದಿಲ್ಲ. ಆದರೆ ಪಕ್ಕದ ಬೀದಿ ಕಡೆ ಒಂದು ಗೇಟು ತೆರೆಸಿ ಆ ಬೀದಿಯನ್ನು ಮುಚ್ಚಿಸಬಹುದು. ಅದಕ್ಕೆ ಹೋಗಬೇಕಾದ್ದು ಕೌಂಟಿ ಕೌನ್ಸಿಲರ್ ಹತ್ತಿರ, ಡಿಸ್ಟ್ರಿಕ್ಟ್‌ನವರ ಹತ್ತಿರ ಹೋದರೆ ಕೈ ತೋರಿಸುತ್ತಾರೆ. ಶಾಲೆಯ ಹೆಡ್ ಟೀಚರ್ ಜೊತೆಗಿದ್ದರೆ ಕೆಲಸ ಸಲೀಸು. ನಾನು ನೋಡಿದ ಒಂದು ಶಾಲೆಯಲ್ಲಿ ಹಿಂದಿನ ಗೇಟಿನ ಬೀಗದ ಕೀ ಕಳೆದುಹೋಗಿತ್ತು ಅಂತ ಏಳು ವರ್ಷ ಮಕ್ಕಳೆಲ್ಲ ಮುಖ್ಯರಸ್ತೆ ಕಡೆಯಿಂದ ಬರುತ್ತಿದ್ದರು. ಬೀಗ ಒಡೆದು ಹೊಸದು ಹಾಕಿದ್ದಕ್ಕೆ ಆದ ಖರ್ಚು ಹದಿನಾಲ್ಕು ಪೌಂಡ್.

ಹತ್ತಿರ ಹೊಸ ಬಡಾವಣೆಗೋ ದೊಡ್ಡ ಅಂಗಡಿಗೋ ಅರ್ಜಿ ಬಂದರೆ ಮಾತ್ರ ತಡ ಮಾಡಬೇಡಿ, ಆಕ್ಷೇಪಣೆಗೆ ಸಾಮಾನ್ಯವಾಗಿ 21 ದಿನ ಇರುತ್ತದೆ. 'ಟ್ರಾಫಿಕ್ ಜಾಸ್ತಿ ಆಗುತ್ತೆ' ಅಂತ ನೂರು ಜನ ಬರೆದರೂ ತೂಕ ಕಡಿಮೆ. ಅರ್ಜಿ ಹಾಕಿದವರ ಗಾಳಿ ಗುಣಮಟ್ಟ ವರದಿ ತೆರೆದು, ಕಂಪ್ಯೂಟರ್ ಲೆಕ್ಕವನ್ನು ಯಾವ ಕೊಳವೆಗಳ ಅಂಕಿಯ ಜೊತೆ ತಾಳೆ ನೋಡಿದ್ದಾರೆ, ಶಾಲೆಯ ಮುಂದಿನ ಕೊಳವೆ ಅದರಲ್ಲಿದೆಯಾ ಅಂತ ಒಬ್ಬರು ಕೇಳಿದರೂ ಯೋಜನಾ ಅಧಿಕಾರಿ ಅದಕ್ಕೆ ಉತ್ತರ ತರಿಸಲೇಬೇಕಾಗುತ್ತದೆ.

ಇದೆಲ್ಲ ಆಗುವ ತನಕ ನಾಳೆ ಬೆಳಿಗ್ಗೆಗೆ: ಸಾಧ್ಯವಾದರೆ ಒಳಬೀದಿಯಲ್ಲಿ ನಡೆದು ಬನ್ನಿ, ಎರಡು ನಿಮಿಷ ಜಾಸ್ತಿ ಆದರೂ ಪರವಾಗಿಲ್ಲ. ಗೇಟು ತೆರೆಯುವ ತನಕ ಸಿಗ್ನಲ್ ಹತ್ತಿರ ನಿಲ್ಲಬೇಡಿ, ಹತ್ತು ಹೆಜ್ಜೆ ಒಳಗೆ ಬಂದರೂ ವ್ಯತ್ಯಾಸ ಇದೆ. ಕಾರಿನೊಳಗೆ ಕೂತರೆ ಹೊಗೆ ಬರುವುದಿಲ್ಲ ಅಂದುಕೊಳ್ಳುವುದು ತಪ್ಪು, ಮುಂದಿನ ಗಾಡಿಯ ಹೊಗೆಯೇ ನಿಮ್ಮ ಏಸಿಯ ಒಳಗೆ ಬರುವುದು. ಇನ್‌ಹೇಲರ್ ವಿಷಯ ನಿಮ್ಮ ಡಾಕ್ಟರು ಹೇಳಿದ ಹಾಗೆ, ಅದರಲ್ಲಿ ನಾನು ತಲೆ ಹಾಕುವುದಿಲ್ಲ.

ಕೊಳವೆಯ ಮೇಲೆ ಅಥವಾ ಅದರ ಹಿಡಿಕೆಯ ಮೇಲೆ ಒಂದು ಸಂಖ್ಯೆ ಇರುತ್ತದೆ. ಮುಟ್ಟಬೇಡಿ, ದೂರದಿಂದ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ, ಇಮೇಲ್‌ನಲ್ಲಿ ಆ ಸಂಖ್ಯೆ ಬರೆಯಿರಿ. ತಿಂಗಳ ಮೊದಲ ವಾರದ ಆಸುಪಾಸಿನಲ್ಲಿ ಏಣಿ ಹಿಡಿದುಕೊಂಡು ಯಾರಾದರೂ ಬಂದರೆ ಮಾತಾಡಿಸಿ. ವರದಿಯಲ್ಲಿ ಬರೆಯದ ಸಂಗತಿಗಳು ಅವರಿಗೆ ಗೊತ್ತಿರುತ್ತವೆ, ಯಾವ ಕಂಬ ಯಾವಾಗಲೂ ಜಾಸ್ತಿ ತೋರಿಸುತ್ತದೆ, ಯಾವ ಬಸ್ಸು ಅಲ್ಲಿ ಎಂಜಿನ್ ಆಫ್ ಮಾಡುವುದಿಲ್ಲ ಅಂತ. ಹನ್ನೊಂದು ವರ್ಷದಲ್ಲಿ ಏಣಿ ಹಿಡಿದ ನನ್ನ ಹತ್ತಿರ ನಿಂತು ಕೇಳಿದವರು ಇಬ್ಬರೇ ಸಿಕ್ಕಿದ್ದು, ಅದರಲ್ಲಿ ಒಬ್ಬರ ಬೀದಿಗೆ ಮರುವರ್ಷ ಎರಡು ಕೊಳವೆ ಹೆಚ್ಚಿಗೆ ಹಾಕಿದೆ.